ಕರ್ವಾಲೊ ಮಾತಾಡಿದ್ದಾಯಿತು, ಇನ್ನು ಮಂದಣ್ಣನ ಸರದಿ

ಕಾಫಿ ಗಿಡದ ಕಾಂಡ ಮುಟ್ಟಿ ಕಾಯಿಲೆ ಹೇಳುವವರು, ಸತ್ತ ಮಂಗವನ್ನು ಎಲ್ಲರಿಗಿಂತ ಮೊದಲು ಕಾಣುವವರು, ಆನೆ ಯಾವ ದಾರಿ ಹಿಡಿಯುತ್ತದೆಂದು ಬಲ್ಲವರು ಮೂಡಿಗೆರೆ–ಕಳಸದ ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿ, ಕಾಡಂಚಿನ ಗುಡಿಸಲುಗಳಲ್ಲಿ ಇದ್ದಾರೆ. ವಿಜ್ಞಾನ ಹೇಳುವ ಮೈಕಿನ ಮುಂದೆ ಮಾತ್ರ ಅವರಿಲ್ಲ. ಅವರನ್ನು ಅಲ್ಲಿಗೆ ಕರೆತರುವುದು ಉಪಕಾರದ ಮಾತಲ್ಲ, ಜೀವ ಉಳಿಸುವ ಮಾತು.

ಸೆಪ್ಟೆಂಬರ್. ಮಳೆ ಬಿಟ್ಟು ಬಿಟ್ಟು ಹನಿಯುತ್ತಿರುತ್ತದೆ. ಮೂಡಿಗೆರೆ ಸುತ್ತಿನ ಅರೇಬಿಕಾ ತೋಟಗಳಲ್ಲಿ ಹುಡುಕಾಟ ಶುರುವಾಗುವುದು ಆಗಲೇ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಹೆಂಗಸರು ಸಾಲು ಹಿಡಿದು ಗಿಡದಿಂದ ಗಿಡಕ್ಕೆ ಸರಿಯುತ್ತಾರೆ. ಬಗ್ಗುತ್ತಾರೆ, ರೆಂಬೆ ಎತ್ತುತ್ತಾರೆ, ಕಾಂಡದ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ನಾಡಿ ಹಿಡಿದ ವೈದ್ಯರಂತೆ ಅರೆಗಳಿಗೆ ನಿಲ್ಲುತ್ತಾರೆ. ತೊಗಟೆಯಡಿ ಸಣ್ಣ ಉಬ್ಬುಗೆರೆ ಬೆರಳಿಗೆ ಸಿಕ್ಕಿತೋ, ಮೇಸ್ತ್ರಿಗೆ ಕೂಗು ಹೋಗುತ್ತದೆ: ಬೋರರ್!

ಆ ಗಿಡ ಉಳಿಯುವುದಿಲ್ಲ. ಬುಡಸಮೇತ ಕಿತ್ತು ಸುಡಬೇಕು.

ಬಿಳಿ ಕಾಂಡಕೊರಕ ಅರೇಬಿಕಾದ ಅತಿ ದೊಡ್ಡ ಶತ್ರು. ದುಂಬಿಯ ಹಾರಾಟ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ, ಮರಿ ಹೊರಬಂದರೆ ನೇರ ಕಾಂಡದ ಒಳಕ್ಕೆ. ಒಳಗೆ ಹೊಕ್ಕ ಹುಳುವಿಗೆ ಹೊರಗಿನಿಂದ ಹೊಡೆದ ಔಷಧ ತಾಕುವುದಿಲ್ಲ. ಹಾರಾಟಕ್ಕೆ ಮುನ್ನ ಪೀಡಿತ ಗಿಡವನ್ನು ಹುಡುಕಿ ತೆಗೆಯುವುದೇ ಈ ಹೊತ್ತಿಗೂ ನಂಬಬಹುದಾದ ದಾರಿ. ಅಂದರೆ ನೂರಾರು ಎಕರೆಯ ತೋಟದ ಅಳಿವು ಉಳಿವು ದಿನಗೂಲಿಯ ಹೆಂಗಸೊಬ್ಬಳ ಹೆಬ್ಬೆರಳಿನ ತುದಿಯಲ್ಲಿದೆ.

ಆ ಸಾಲಿನಲ್ಲಿ ಕಿವಿಗೆ ಬೀಳುವ ಮಾತುಗಳು ಬಗೆಬಗೆ. ಕನ್ನಡ, ತುಳು, ತಮಿಳು ಹಳೆಯವು. ಈಚಿನ ವರ್ಷಗಳಲ್ಲಿ ಅಸ್ಸಾಮಿ, ಬಂಗಾಳಿ, ಹಿಂದಿ ಸೇರಿಕೊಂಡಿವೆ. ಕಾಂಡಕೊರಕದ ಕೈಪಿಡಿಗಳು ಮಾತ್ರ ಓದು ಬಲ್ಲ ಬೆಳೆಗಾರರನ್ನು ಕಣ್ಣಮುಂದಿಟ್ಟುಕೊಂಡು ಬರೆದಂಥವು. ವಿಚಾರ ಸಂಕಿರಣದ ಮುಂದಿನ ಸಾಲಿನಲ್ಲಿ ತೋಟದ ಮಾಲೀಕರು, ವೇದಿಕೆಯ ಮೇಲೆ ವಿಜ್ಞಾನಿಗಳು. ಹುಳುವನ್ನು ದಿನವಿಡೀ ಬೆರಳಿನಲ್ಲಿ ಹುಡುಕಿದವಳು ಆ ಹೊತ್ತಿಗೆ ಇನ್ನೊಂದು ತೋಟದಲ್ಲಿ ಕೆಲಸದಲ್ಲಿರುತ್ತಾಳೆ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಮೈಸೂರು ಸಂಸ್ಥಾನದ ಪ್ರಯೋಗ ತೋಟವಾಗಿ ಶುರುವಾಯಿತು. ಎಸ್.795ರಂಥ ತಳಿಯನ್ನು ಈ ಬೆಟ್ಟಗಳಿಗೆ ಕೊಟ್ಟ ಸಂಸ್ಥೆ ಅದು. ನೂರು ವರ್ಷದ ಆ ದುಡಿಮೆಯನ್ನು ಗೌರವಿಸುತ್ತಲೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಇಷ್ಟು ಕಾಲ ವಿಜ್ಞಾನವನ್ನು ಜನಕ್ಕೆ ಹೇಳಿದವರು ಯಾರು, ಕೇಳಿಸಿಕೊಂಡವರು ಯಾರು?

ಜೇನು ಹಿಡಿಯುವವನಿಗೆ ಸಿಕ್ಕ ಕುರ್ಚಿ

ಈ ಪ್ರಶ್ನೆಯನ್ನು ಕನ್ನಡದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಇದೇ ಮೂಡಿಗೆರೆಯಲ್ಲಿ ಕುಳಿತು ಬರೆದ ಒಂದು ಕಾದಂಬರಿ.

1938ರ ಸೆಪ್ಟೆಂಬರ್ 8ರಂದು ಹುಟ್ಟಿದ ಪೂರ್ಣಚಂದ್ರ ತೇಜಸ್ವಿ ಮೈಸೂರಿನ ಓದು ಮುಗಿಸಿ ಈ ಮಲೆಗೆ ಬಂದರು, ಕಾಫಿ ಬೆಳೆದರು, 2007ರ ಏಪ್ರಿಲ್ 5ರಂದು ಇಲ್ಲೇ ತೀರಿಕೊಂಡರು. ಅವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಹಾರುವ ಓತಿಯ ಬೆನ್ನು ಹತ್ತುವ ಆ ಕಥೆಯನ್ನು ಓದದ ಕನ್ನಡದ ವಿಜ್ಞಾನಾಸಕ್ತರು ಸಿಗುವುದು ಕಷ್ಟ. ಆದರೆ ಅದರ ಪಾತ್ರಗಳನ್ನು ಯಾವ ಯಾವ ಮನೆಗಳಿಂದ ಆರಿಸಲಾಗಿದೆ ಎನ್ನುವುದರ ಕಡೆ ಗಮನ ಹೋದದ್ದು ಕಡಿಮೆ. ವಿಜ್ಞಾನಿ ಕರ್ವಾಲೊಗೆ ಕರಾವಳಿ–ಮಲೆನಾಡಿನ ಕ್ರೈಸ್ತ ಮನೆತನದ ಹೆಸರು. ತೋಟದ ಆಳು ಪ್ಯಾರ ಮುಸ್ಲಿಂ. ಹಾವು ಹಿಡಿಯುವ ಎಂಗ್ಟ, ಮರ ಹತ್ತುವ ಕರಿಯಪ್ಪ, ಕೊನೆಗೆ ಮಂದಣ್ಣ.

ಮಂದಣ್ಣನೇ ಕಥೆಯ ತಿರುಗಣಿ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವ. ಜೇನಿನ ಹುಚ್ಚು, ಕಳ್ಳಬಟ್ಟಿಯ ಕೇಸು. ನಿರೂಪಕನಿಗೂ ಮೊದಮೊದಲು ಅವನ ಮೇಲೆ ಹಾಗೇ ಅಭಿಪ್ರಾಯ. ಕರ್ವಾಲೊ ಅವನಲ್ಲಿ ಕಾಣುವುದೇ ಬೇರೆ: ಹುಟ್ಟಾ ನಿಸರ್ಗ ಶಾಸ್ತ್ರಜ್ಞ. ಯಾರೂ ಕಾಣದ ಓತಿಯನ್ನು ಕಂಡ ಕಣ್ಣು. ಪ್ರಯೋಗಾಲಯದ ಮನುಷ್ಯ ಜೇನು ಹಿಡಿಯುವವನನ್ನು ತನ್ನ ಸಮಕ್ಕೆ ಕೂರಿಸಿಕೊಂಡದ್ದು ಆ ಕಾದಂಬರಿಯ ದೊಡ್ಡ ಘಟನೆ. ಓತಿ ಸಿಕ್ಕಿತೋ ಇಲ್ಲವೋ ಎಂಬುದಕ್ಕಿಂತಲೂ ದೊಡ್ಡದು.

ಮುಂದೆ 1991ರ ‘ಪರಿಸರದ ಕತೆ’ಯಲ್ಲೂ ತೇಜಸ್ವಿ ಇಂಥವರ ಜೊತೆಯನ್ನು ಬಿಡಲಿಲ್ಲ. ಬೇಟೆಗಾರರು, ಆಳುಗಳು, ಕಾಡು ಸುತ್ತುವವರು ಪುಟ ಪುಟದಲ್ಲೂ ಇದ್ದಾರೆ. ಆದರೂ ಒಂದು ಮಿತಿ ಉಳಿದೇ ಉಳಿಯಿತು. ಮಂದಣ್ಣ ಕಂಡದ್ದನ್ನು ಬರೆದವರು ತೇಜಸ್ವಿ. ಅದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ನಾಲ್ಕು ದಶಕ ಕಳೆದ ಮೇಲೂ ಮಂದಣ್ಣನ ಮೊಮ್ಮಗಳು ತಾನೇ ಬರೆಯುವ, ತಾನೇ ಹೇಳುವ ಸ್ಥಿತಿ ಬಂದಿಲ್ಲವೆಂದರೆ ಅದರ ಹೊಣೆ ಲೇಖಕರದ್ದಲ್ಲ, ಅವರ ಪುಸ್ತಕಗಳನ್ನು ಓದಿ ಬೆಳೆದವರದ್ದು.

ಕನ್ನಡದ ವಿಜ್ಞಾನ ಬರವಣಿಗೆ ಬಡವಾದದ್ದಲ್ಲ. ಶಿವರಾಮ ಕಾರಂತ, ಬಿ.ಜಿ.ಎಲ್. ಸ್ವಾಮಿ, ಜೆ.ಆರ್. ಲಕ್ಷ್ಮಣರಾವ್, ನಾಗೇಶ ಹೆಗಡೆ ಎಂದು ಹೆಸರು ಹೇಳುತ್ತ ಹೋಗಬಹುದು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಅದಕ್ಕಿಂತ ಹಳೆಯದಾದ ‘ಬಾಲವಿಜ್ಞಾನ’ ಪತ್ರಿಕೆ ಹಳ್ಳಿ ಶಾಲೆಗಳನ್ನು ಮುಟ್ಟಿವೆ. ಆದರೆ ಆ ಹೆಸರುಗಳ ಸಾಲಿನಲ್ಲಿ ಆದಿವಾಸಿ ಸಮುದಾಯದ ಲೇಖಕರನ್ನು ಹುಡುಕಹೊರಟರೆ ಕೈ ಬರಿದಾಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು, ಜನಸಂಖ್ಯೆಯ ಸುಮಾರು ಶೇ 7.

▌ಚೌಕಟ್ಟು: ಏಳು ಬೀಜದ ಕಥೆ
ಕಾಫಿ ಈ ಬೆಟ್ಟಕ್ಕೆ ಬಂದ ಬಗೆಯನ್ನು ಹೇಳುವ ಐತಿಹ್ಯದ ನಾಯಕ ಒಬ್ಬ ಸೂಫಿ ಸಂತ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯಾತ್ರೆಯಿಂದ ಮರಳುವಾಗ ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಗಿರಿಗೆ ಅವರದೇ ಹೆಸರು.

ಕಾಯಿಲೆಗೆ ಗೊತ್ತಿಲ್ಲದ ಭಾಷೆ ಇಲ್ಲ

ಮೂಡಿಗೆರೆಯಿಂದ ಕೊಟ್ಟಿಗೆಹಾರ, ಬಾಳೂರು ದಾಟಿ ಕಳಸದ ಕಡೆ ಹೊರಟರೆ ತೋಟ ತೆಳುವಾಗಿ ಕಾಡು ದಟ್ಟವಾಗುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಕುದುರೆಮುಖದ ಸೆರಗು ಇದು. ಸಿಂಗಳೀಕಗಳ ದೊಡ್ಡ ನೆಲೆ. ಮಲೆಕುಡಿಯರು ತಲೆಮಾರುಗಳಿಂದ ಇಲ್ಲಿದ್ದಾರೆ, ಬಹಳಷ್ಟು ಮಂದಿಯ ಮನೆಮಾತು ತುಳು. ಜಿಲ್ಲೆಯ ಬೇರೆ ಬೇರೆ ಭಾಗಗಳಲ್ಲಿ ಹಸಲರು, ಗೌಡಲು ಸಮುದಾಯದವರು. ಜೇನು, ಸೀಗೆ, ರಾಂಪತ್ರೆ ಎಂದು ಕಾಡಿನ ಹುಟ್ಟುವಳಿಯನ್ನೂ ತೋಟದ ಕೂಲಿಯನ್ನೂ ನೆಚ್ಚಿದ ಬದುಕು.

ಇವರಿಗೂ ವಿಜ್ಞಾನಕ್ಕೂ ಇರುವ ನಂಟು ಪರೀಕ್ಷೆಗೆ ಬೀಳುವುದು ಮಂಗನ ಕಾಯಿಲೆಯ ದಿನಗಳಲ್ಲಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಹೊಸ ವೈರಾಣುವನ್ನು ಗುರುತಿಸಿತು. ಉಣುಗು ಕಚ್ಚಿ ಹರಡುವ ಆ ಕಾಯಿಲೆ ದಶಕಗಳಲ್ಲಿ ಶಿವಮೊಗ್ಗದ ಗಡಿ ದಾಟಿ ಪಶ್ಚಿಮಘಟ್ಟದ ಉದ್ದಕ್ಕೂ ಹಬ್ಬಿದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಸಾವಿನ ಸುದ್ದಿ ಬಂದಿದೆ. 2015ರಲ್ಲಿ ಪಕ್ಕದ ಕೇರಳದ ವಯನಾಡಿನಲ್ಲಿ ಅದು ಎರಗಿದಾಗ ಹೆಚ್ಚು ನಲುಗಿದವರು ಅಲ್ಲಿನ ಆದಿವಾಸಿಗಳು.

ಉಣುಗಿನ ಮರಿಗಳು ಹೆಚ್ಚುವ ಕಾಲ ನವೆಂಬರಿನಿಂದ ಮೇ. ಕಾಫಿ ಕೊಯ್ಲು ನಡೆಯುವುದು ನವೆಂಬರಿನಿಂದ ಫೆಬ್ರವರಿ. ಕೊಯ್ಲಿಗೆಂದು ಸಾವಿರಾರು ಕಿಲೋಮೀಟರ್ ದೂರದಿಂದ ಬಂದವರು ಕಾಡಂಚಿನ ಲೈನ್ ಮನೆಗಳಲ್ಲಿ ಇಳಿಯುವ ಕಾಲ, ಕಾಯಿಲೆ ಹರಡುವ ಕಾಲ, ಎರಡೂ ಒಂದೇ. ಮಂಗ ಸತ್ತರೆ ಏನರ್ಥ ಎಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಬ್ರಹ್ಮಪುತ್ರದ ಬಯಲಿನಿಂದ ಬಂದ ಯುವಕನಿಗೆ ಗೊತ್ತಿರುವುದು ಹೇಗೆ? ಆರೋಗ್ಯ ಇಲಾಖೆಯ ಎಚ್ಚರಿಕೆಯ ಹಾಳೆ ಕನ್ನಡದಲ್ಲಿದ್ದರೆ ಅವನ ಮಟ್ಟಿಗೆ ಅದು ಬರೀ ಹಾಳೆ.

ಕಾಡಂಚಿನವರ ತೊಡಕು ಬೇರೆ. ಅವರಿಗೆ ಕನ್ನಡ ಬರುತ್ತದೆ, ಹೇಳಿದ್ದು ಅರ್ಥವಾಗುತ್ತದೆ. ಆದರೆ ಹೇಳುವುದೇನು? ಕಾಡಿಗೆ ಹೋಗಬೇಡಿ, ತರಗೆಲೆ ತರಬೇಡಿ. ಕೊಟ್ಟಿಗೆಗೆ ತರಗೆಲೆ ಹಾಸದೆ ಗೊಬ್ಬರವಿಲ್ಲ, ಕಾಡಿಗೆ ಹೋಗದೆ ಸೌದೆಯಿಲ್ಲ, ಸೀಗೆಯಿಲ್ಲ, ಜೇನಿಲ್ಲ. ಬದುಕನ್ನೇ ಬಿಡಿ ಎನ್ನುವ ಸಲಹೆಯನ್ನು ಯಾರೂ ಪಾಲಿಸುವುದಿಲ್ಲ. ಪಾಲಿಸಲಿಲ್ಲವೆಂದು ಜನರನ್ನೇ ದೂರುವುದು ಅನ್ಯಾಯ. ಕಾಡಿಗೆ ಹೋಗುವವರನ್ನೇ ಕೂರಿಸಿಕೊಂಡು ಸಲಹೆ ಬರೆದಿದ್ದರೆ ಅದು ಬೇರೆಯದೇ ಆಗಿರುತ್ತಿತ್ತು: ಯಾವ ತಿಂಗಳು ಯಾವ ಕಡೆ ಹೋಗಬಾರದು, ಉಣುಗು ನಿವಾರಕ ತೈಲವನ್ನು ಎಷ್ಟು ಹೊತ್ತಿಗೊಮ್ಮೆ ಹಚ್ಚಬೇಕು, ಮನೆಗೆ ಬಂದೊಡನೆ ಬಟ್ಟೆಯನ್ನು ಏನು ಮಾಡಬೇಕು, ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು.

ಈ ಕೊನೆಯದು ತುಂಬ ಮುಖ್ಯ. ಮಂಗನ ಕಾಯಿಲೆಯ ಮುನ್ನೆಚ್ಚರಿಕೆಯ ವ್ಯವಸ್ಥೆ ನಿಂತಿರುವುದೇ ಸತ್ತ ಮಂಗದ ಸುದ್ದಿಯ ಮೇಲೆ. ಆ ಸುದ್ದಿ ಪ್ರಯೋಗಾಲಯದಲ್ಲಿ ಹುಟ್ಟುವುದಿಲ್ಲ, ಕಾಡಿನಲ್ಲಿ ನಡೆದಾಡುವವರ ಬಾಯಿಂದ ಬರುತ್ತದೆ. ಕಾವಲುಗಾರನೋ ಸೌದೆಯವಳೋ ದಾರಿಯಲ್ಲಿ ಕಂಡದ್ದನ್ನು ಹೇಳಿದ ಮೇಲಷ್ಟೇ ಉಳಿದದ್ದೆಲ್ಲ. ಕಾಯಿಲೆ ಪತ್ತೆಯ ಮೊದಲ ಕೊಂಡಿ ಅವರೇ. ತಾವು ಕೊಟ್ಟ ಸುದ್ದಿಯಿಂದ ಮುಂದೇನಾಯಿತು ಎಂಬ ಮಾತು ಅವರಿಗೆ ತಿರುಗಿ ತಲುಪಬೇಕಾದದ್ದು ನ್ಯಾಯ.

▌ಚೌಕಟ್ಟು: ಮಂಗನ ಕಾಯಿಲೆ
ಹರಡುವುದು: ಸೋಂಕಿದ ಉಣುಗು ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.
ಲಕ್ಷಣ: ಕಚ್ಚಿದ 3ರಿಂದ 8 ದಿನಗಳಲ್ಲಿ ದಿಢೀರ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ.
ಸಾವಿನ ಪ್ರಮಾಣ: ಸೋಂಕಿತರಲ್ಲಿ ಶೇ 3ರಿಂದ 5.
ಜಾಗ್ರತೆ: ಕಾಡಿಗೆ ಹೋಗುವ ಮುನ್ನ ಉಣುಗು ನಿವಾರಕ ತೈಲ, ಮೈಮುಚ್ಚುವ ಬಟ್ಟೆ, ಬಂದೊಡನೆ ಬಿಸಿನೀರಿನ ಸ್ನಾನ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು.

ಬಿಳಿಗಿರಿರಂಗನ ಬೆಟ್ಟದ ದಾರಿ

ಹಾಗಾದರೆ ದಾರಿ ಯಾವುದು? ಅದಕ್ಕೆ ಕರ್ನಾಟಕ ಬಿಟ್ಟು ಹೋಗಬೇಕಾಗಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಕಾಡಿನ ವಿಜ್ಞಾನದ ಮಾತುಕತೆಯೊಳಕ್ಕೆ ತಾವೇ ನಡೆದುಬಂದಿದ್ದಾರೆ.

ಅದಕ್ಕೆ ಕಾರಣವಾದದ್ದು ಬೆಂಕಿಯ ಜಗಳ. ಸೋಲಿಗರು ಬೇಸಿಗೆ ಬಲಿಯುವ ಮುನ್ನ ಒಣಗಿದ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ‘ತರಗು ಬೆಂಕಿ’ ಎಂದು ಅದರ ಹೆಸರು. ನೆಲ ಸವರಿಕೊಂಡು ಹೋಗುವ, ಮರ ಸುಡದ ಬೆಂಕಿ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ನಿಂತಿತು. ಆಮೇಲೆ ಲಂಟಾನ ಮುತ್ತಿತು, ನೆಲ್ಲಿ ಮರಗಳನ್ನು ಉಪ್ಪಿಲು ಎಂಬ ಬಂದಳಿಕೆ ಹಿಂಡಿತು ಎಂದು ಸೋಲಿಗರು ಹೇಳುತ್ತಲೇ ಬಂದರು. ಬಹುಕಾಲ ಅದನ್ನು ಕಾಡಿನವರ ದೂರು ಎಂದಷ್ಟೇ ತಿಳಿದದ್ದುಂಟು. ಕೊನೆಗೆ ಸಂಶೋಧಕರು ಅದನ್ನು ಪರೀಕ್ಷಿಸಬಹುದಾದ ಒಂದು ವಾದವೆಂದು ಸ್ವೀಕರಿಸಿದರು. ಉಪ್ಪಿಲು, ನೆಲ್ಲಿ, ಬೆಂಕಿಯ ಸಂಬಂಧ ಕುರಿತ ಅಧ್ಯಯನ 2010ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಲಂಟಾನ ಕುರಿತ ಸೋಲಿಗರ ತಿಳಿವಳಿಕೆಯೇ ವಿಷಯವಾದ ಇನ್ನೊಂದು 2012ರಲ್ಲಿ. ಕಾಡಿನಲ್ಲಿ ಗುರುತು ಹಾಕಿದ ತುಣುಕುಗಳನ್ನು 1997ರಲ್ಲಿ, ಮತ್ತೆ 2008ರಲ್ಲಿ ಅಳೆದಾಗ ಲಂಟಾನ ಇದ್ದ ತುಣುಕುಗಳು ಸುಮಾರು ದುಪ್ಪಟ್ಟಾಗಿದ್ದವು.

ಇಷ್ಟಕ್ಕೇ ನಿಂತಿದ್ದರೆ ಅದೂ ಹಳೆಯ ಕಥೆಯೇ: ಅವರು ಹೇಳಿದರು, ಇವರು ಬರೆದರು. ನಿಲ್ಲಲಿಲ್ಲ. ಸೋಲಿಗ ಸಮುದಾಯದ ಸಿ. ಮಾದೇಗೌಡ ಓದಿ ಪಿಎಚ್.ಡಿ. ಪಡೆದರು, ಪರಿಸರ ಸಂಶೋಧನಾ ಸಂಸ್ಥೆ ‘ಏಟ್ರಿ’ಯಲ್ಲಿ ಸಂಶೋಧಕರಾದರು. ತಮ್ಮ ಜನ, ಕಾಡಿನ ಹಕ್ಕು, ಬೆಂಕಿ, ದೇವರ ತಾಣಗಳ ಬಗ್ಗೆ ತಾವೇ ಬರೆದರು, ತಾವೇ ಸಭೆಗಳಲ್ಲಿ ಮಾತಾಡಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಸೋಲಿಗರು ಗುರುತಿಸುವ ನಾನೂರಕ್ಕೂ ಹೆಚ್ಚು ಪವಿತ್ರ ತಾಣಗಳನ್ನು ಹಿರಿಯರ ಜೊತೆ ನಡೆದು ನಕ್ಷೆಗೆ ಏರಿಸಿದ ಕೆಲಸದಲ್ಲಿ ಅವರಿದ್ದರು. 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಇದರ ಹಿಂದೆ ಬಹಳ ವರ್ಷಗಳ ತಯಾರಿಯಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಮತ್ತು ಶಾಲೆ, ಸೋಲಿಗರದೇ ಸಂಘಗಳು, ಬೆಟ್ಟದಲ್ಲೇ ನೆಲೆಯೂರಿದ ಸಂಶೋಧನಾ ಕೇಂದ್ರ. ಒಂದು ಕಾರ್ಯಾಗಾರ ನಡೆಸಿ, ಫೋಟೊ ತೆಗೆಸಿಕೊಂಡು ಹೊರಟುಹೋಗಿದ್ದರೆ ಮಾದೇಗೌಡರಂಥವರು ಬರುತ್ತಿರಲಿಲ್ಲ. ಕುದುರೆಮುಖದ ಕಾಡಿಗೆ ಸಂಶೋಧಕರು ಬಂದುಹೋದದ್ದು ಕಡಿಮೆಯೇನಲ್ಲ. ಕೊರತೆಯಿರುವುದು ಬಂದುಹೋಗುವುದಕ್ಕೂ ಇದ್ದುಬಿಡುವುದಕ್ಕೂ ನಡುವಿನ ಜಾಗದಲ್ಲಿ.

▌ಚೌಕಟ್ಟು: ಸೋಲಿಗರ ಹೆಸರಿನ ಕಣಜ
ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕ ಒಂದು ಕಣಜದ ಹೊಸ ಕುಲಕ್ಕೆ ಏಟ್ರಿಯ ಕೀಟತಜ್ಞರು 2022ರಲ್ಲಿ ‘ಸೋಲಿಗ’ ಎಂದೇ ಹೆಸರಿಟ್ಟರು. ಪ್ರಭೇದದ ಪೂರ್ತಿ ಹೆಸರು ಸೋಲಿಗ ಎಕಾರಿನೇಟ. ಕಾಡನ್ನು ಕಾಪಾಡಿಕೊಂಡು ಬಂದ ಸಮುದಾಯಕ್ಕೆ ಸಂದ ಗೌರವ ಅದು.

ನಮಗಾಗಿ ಮಾಡಿದ್ದಲ್ಲ

ವಿಜ್ಞಾನದ ವೇದಿಕೆಯಿಂದ ಇಂಥವರು ಹೊರಗುಳಿಯುವುದು ಮಲೆನಾಡಿಗಷ್ಟೇ ಅಂಟಿದ ತೊಂದರೆಯಲ್ಲ. ಲಂಡನ್ನಿನ ವಿಜ್ಞಾನ ಸಂಗ್ರಹಾಲಯಗಳಿಗೆ ಸೊಮಾಲಿಯ, ಸಿಯೆರಾ ಲಿಯೋನ್, ಲ್ಯಾಟಿನ್ ಅಮೆರಿಕ ಮೂಲದ ಬಡ ಕುಟುಂಬಗಳು ಏಕೆ ಕಾಲಿಡುವುದಿಲ್ಲ ಎಂದು ಎಮಿಲಿ ಡಾಸನ್ ಎಂಬ ಸಂಶೋಧಕಿ ಅವರೊಂದಿಗೇ ಓಡಾಡಿ ಅಧ್ಯಯನ ಮಾಡಿದರು. 2014ರಲ್ಲಿ ಬಂದ ಅವರ ಪ್ರಬಂಧದ ಸಾರ ಸರಳ: ಅಲ್ಲಿನ ಭಾಷೆ, ಕಥೆಗಳು, ಸಿಬ್ಬಂದಿ ಯಾವುದರಲ್ಲೂ ತಮ್ಮ ಗುರುತು ಕಾಣದ ಜನ ಅದು ತಮಗಾಗಿ ಮಾಡಿದ ಜಾಗವಲ್ಲ ಎಂದು ತೀರ್ಮಾನಿಸುತ್ತಾರೆ. ವಿಜ್ಞಾನದಲ್ಲಿ ಆಸಕ್ತಿಯಿಲ್ಲ ಎಂದು ಅವರ ಮೇಲೆ ಹೊರಿಸುವ ಮಾತು ನಿಲ್ಲುವುದಿಲ್ಲ.

ನ್ಯೂಜಿಲೆಂಡಿನಲ್ಲಿ ಇದರ ಇನ್ನೊಂದು ಮುಖವಿದೆ. ನಮ್ಮ ಕೃತ್ತಿಕೆಯನ್ನು ಅಲ್ಲಿನ ಮೂಲನಿವಾಸಿ ಮಾವೊರಿಗಳು ಮಾತಾರಿಕಿ ಎನ್ನುತ್ತಾರೆ. ನಡುಚಳಿಯಲ್ಲಿ ಅದು ಮೂಡುವುದೇ ಅವರ ಹೊಸ ವರ್ಷ. ರಂಗಿ ಮಾತಾಮುವ ಎಂಬ ಮಾವೊರಿ ವಿದ್ವಾಂಸರು ಮನೆಯ ಹಿರಿಯರಿಂದ ಬಂದ ಹಸ್ತಪ್ರತಿಯನ್ನೂ ಖಗೋಳವನ್ನೂ ಒಟ್ಟಿಗಿಟ್ಟು ಊರೂರಿನಲ್ಲಿ ಮಾತಾಡಿದರು. ವಿಜ್ಞಾನ ಸಂವಹನಕ್ಕಿರುವ ಪ್ರಧಾನಮಂತ್ರಿಗಳ 2019ರ ಬಹುಮಾನ ಅವರಿಗೆ ಬಂತು. 2022ರಿಂದ ಮಾತಾರಿಕಿ ಇಡೀ ದೇಶಕ್ಕೆ ರಜೆಯ ದಿನ.

ಇನ್ನೂ ಹತ್ತಿರದ ಉದಾಹರಣೆ ತಮಿಳುನಾಡಿನ ವಾಲ್ಪಾರೈ. ಚಹಾ ತೋಟಗಳ ನಡುವೆ ಆನೆ ಓಡಾಡುವ ಆ ಪ್ರಸ್ಥಭೂಮಿಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದಕುಮಾರ್ ಮತ್ತು ಜೊತೆಗಾರರು ಆನೆಯ ಸುಳಿವನ್ನು ಸ್ಥಳೀಯ ಕೇಬಲ್ ಟಿವಿಗೆ, ತಮಿಳು ಸಂದೇಶಗಳಿಗೆ, ಮೊಬೈಲಿನಿಂದ ಹೊತ್ತಿಸುವ ಕೆಂಪು ದೀಪಗಳಿಗೆ ಮುಟ್ಟಿಸಿದರು. ದೀಪ ಹೊತ್ತಿಸುವ ಹೊಣೆ ಹೊತ್ತವರು ತೋಟದ ಜನರೇ. ಸುದ್ದಿ ಕೇಳುವವರೂ ಅವರೇ, ಕೊಡುವವರೂ ಅವರೇ ಆದಾಗ ಅದನ್ನು ನಂಬಿದರು. ಆನೆ ಹಾವಳಿಗೆ ಸಾವು ಕಂಡ ಮೂಡಿಗೆರೆ, ಆಲ್ದೂರು ಭಾಗದಲ್ಲಿ ಈಗ ಆನೆ ಕಾರ್ಯಪಡೆ ಇದೆ, ವಾಟ್ಸ್ಆ್ಯಪ್ ಗುಂಪುಗಳಿವೆ. ಸಂದೇಶ ಓದಲು ಬಾರದ ಲೈನ್ ಮನೆಯವರಿಗೆ ಅವರದೇ ಮಾತಿನಲ್ಲಿ ಧ್ವನಿಮುದ್ರಿಸಿ ಕಳಿಸುವುದು ಖರ್ಚಿಲ್ಲದ ಕೆಲಸ.

ಇಲ್ಲಿ ಏನಿದೆ, ಏನು ಬೇಕು

ಕಾಫಿ ಬೆಟ್ಟಗಳಲ್ಲಿ ವೇದಿಕೆಗಳಿಗೆ ಬರವಿಲ್ಲ. ಕೊಟ್ಟಿಗೆಹಾರದಲ್ಲಿ ತೇಜಸ್ವಿ ಪ್ರತಿಷ್ಠಾನ ಮಕ್ಕಳಿಗೂ ದೊಡ್ಡವರಿಗೂ ಪ್ರಕೃತಿಯ ಪಾಠ ಹೇಳುತ್ತಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ, ಕಾಡಂಚಿನಲ್ಲಿ ಆಶ್ರಮ ಶಾಲೆಗಳು. ಮೈಸೂರು ಜಿಲ್ಲೆಯ ಸರಗೂರಿನಲ್ಲಿ 2012ರಿಂದ ‘ಜನಧ್ವನಿ’ ಸಮುದಾಯ ಬಾನುಲಿ ನಡೆದಿದೆ. ಅಂಥದ್ದೊಂದು ಕಳಸದಲ್ಲಿ ಆಗದೆ ಇರುವುದಕ್ಕೆ ಕಾರಣವಿಲ್ಲ.

ಆದರೆ ವೇದಿಕೆಗೆ ಕರೆದರಷ್ಟೇ ಸಾಲದು. ಮಲೆಕುಡಿಯ ಹಿರಿಯರೊಬ್ಬರು ಜೇನಿನ ಬಗ್ಗೆ ಮಾತಾಡಲು ಬಂದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ. ದೂರದಿಂದ ಬಂದ ಉಪನ್ಯಾಸಕರಿಗೆ ಗೌರವಧನ, ಅವರಿಗೆ ಶಾಲು–ಹಣ್ಣು ಎನ್ನುವುದು ಸರಿಯಲ್ಲ. ಇಬ್ಬರಿಗೂ ಒಂದೇ ಲೆಕ್ಕ ಇರಬೇಕು. ಕಾಡಿನಲ್ಲಿ ದಾರಿ ತೋರಿಸಿ, ಗಿಡ ಗುರುತಿಸಿದವರ ಹೆಸರು ಸಂಶೋಧನಾ ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಿಂದ ಮೇಲಕ್ಕೆ, ಲೇಖಕರ ಸಾಲಿಗೆ ಬರಬೇಕು. ಜೇನುಹಟ್ಟಿ ಎಲ್ಲಿದೆ, ಔಷಧಿಯ ಬೇರು ಯಾವುದು ಎಂಬುದನ್ನು ಹೇಳುವ ಹಕ್ಕಿನ ಹಾಗೇ ಹೇಳದೆ ಇರುವ ಹಕ್ಕೂ ಅವರದೇ. ಮತ್ತು ಸಂಜೆ. ತೋಟದ ಕೆಲಸ ಬಿಟ್ಟು, ಒಲೆ ಹಚ್ಚಿ, ಊಟ ಮುಗಿಯುವ ಹೊತ್ತಿಗೆ ಲೈನ್ ಮನೆಯ ಅಂಗಳಕ್ಕೇ ವಿಜ್ಞಾನ ಹೋಗಬೇಕು. ಬೆಳಿಗ್ಗೆ ಹತ್ತೂವರೆಗೆ ಪಟ್ಟಣದ ಸಭಾಂಗಣದಲ್ಲಿ ಇಟ್ಟುಕೊಂಡರೆ ಯಾರು ಬರುತ್ತಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಇದಕ್ಕೆ ಆತುರವಿದೆ. ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು 2022ರಲ್ಲಿ ಕೈಬಿಡಲಾಯಿತು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ವರ್ಷ ವರ್ಷ ಬೂಸ್ಟರ್. ಚುಚ್ಚಿದಲ್ಲಿ ವಿಪರೀತ ನೋವು. ಇಷ್ಟೆಲ್ಲ ಮಾಡಿಯೂ ಪೂರ್ತಿ ರಕ್ಷಣೆಯಿಲ್ಲ. ಜನ ಹಿಂದೆ ಸರಿದದ್ದರಲ್ಲಿ ಆಶ್ಚರ್ಯವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಈಗ ಹೊಸ ಲಸಿಕೆಯ ಕೆಲಸದಲ್ಲಿವೆ. ಅದು ಸಿದ್ಧವಾಗಿ ಕಳಸದ ಕಾಡಂಚಿಗೆ ಬರುವ ದಿನ, ಹಳೆಯ ನೋವನ್ನು ನೆನಪಿಟ್ಟುಕೊಂಡವರು ಕೇಳುವ ಪ್ರಶ್ನೆಗಳಿಗೆ ತುಳುವಿನಲ್ಲಿ, ತಮಿಳಿನಲ್ಲಿ, ಅಸ್ಸಾಮಿಯಲ್ಲಿ ಉತ್ತರ ಕೊಡಬಲ್ಲವರು ಅದೇ ಕೇರಿಯವರಾಗಿರಬೇಕು. ಅವರಿಗೆ ವೈರಾಣು ಎಂದರೇನು, ಪ್ರಯೋಗ ಹೇಗೆ ನಡೆಯಿತು, ಅಡ್ಡ ಪರಿಣಾಮ ಯಾವುದು ಎಂದು ಕಲಿಸುವ ಕೆಲಸಕ್ಕೆ ತಿಂಗಳುಗಳು ಬೇಕು. ಲಸಿಕೆಯ ಪೆಟ್ಟಿಗೆ ಬಂದ ಮೇಲೆ ಶುರುಮಾಡಿದರೆ ತಡವಾಗಿರುತ್ತದೆ. ಆಶಾ ಕಾರ್ಯಕರ್ತೆಯರ ಪಟ್ಟಿ ಆರೋಗ್ಯ ಇಲಾಖೆಯಲ್ಲಿದೆ, ಲೈನ್ ಮನೆಗಳ ಲೆಕ್ಕ ತೋಟದ ರೈಟರುಗಳ ಬಳಿ ಇದೆ, ಓದು ಮುಗಿಸಿ ಊರಿಗೆ ಮರಳಿದ ಮಲೆಕುಡಿಯ, ಹಸಲ ಯುವಕ ಯುವತಿಯರು ಪಂಚಾಯಿತಿಗಳಲ್ಲಿ ಇದ್ದಾರೆ. ಈ ಕೊಯ್ಲು ಶುರುವಾಗುವ ಮುನ್ನ ಅವರನ್ನು ಒಂದೆಡೆ ಕೂರಿಸುವುದು ಆಗಬಹುದಾದ ಕೆಲಸ.